ಮನೆ ಹಸನ ಮಾಡಲು ನಾಲ್ಕು ದಾರಿ: ನಮ್ಮ ಕಡೆಯ ಮನೆಗೆ ಯಾವುದು ಒಗ್ಗುತ್ತದೆ?

ಕಲಬುರಗಿ, ಬೀದರ, ಯಾದಗಿರಿ ಕಡೆ ಮನೆ ತುಂಬುವುದು ಬರೀ ಅಂಗಡಿಯಿಂದ ತಂದ ಸಾಮಾನಿನಿಂದಲ್ಲ. ಆಯೇರಿಯಾಗಿ ಬಂದ ಸೀರೆ, ಹೆಸರು ಕೊರೆಸಿ ಕೊಟ್ಟ ಸ್ಟೀಲ್ ಡಬ್ಬಿ, ವರ್ಷದ ಜೋಳ, ತೊಗರಿ ಬ್ಯಾಳಿ, ಜಾತ್ರೆಗೆ ಬರುವ ನೆಂಟರಿಗೆಂದು ಇಟ್ಟ ಹಾಸಿಗೆ, ಎಂಟು ತಿಂಗಳು ಮೂಲೆ ಹಿಡಿದು ನಿಲ್ಲುವ ಕೂಲರ್. ಇವುಗಳಲ್ಲಿ ಅರ್ಧ ಯಾರೋ ಪ್ರೀತಿಯಿಂದ ಕೊಟ್ಟದ್ದು, ಉಳಿದರ್ಧ ನಾಳೆ ಬೇಕಾಗುವಂಥದ್ದು. ಹೀಗಾಗಿ ‘ಬೇಡವಾದದ್ದು ಎಸೆಯಿರಿ’ ಎನ್ನುವ ಸಲಹೆ ಇಲ್ಲಿ ಬಾಗಿಲಲ್ಲೇ ನಿಂತುಬಿಡುತ್ತದೆ. ಯಾವ ಸಾಮಾನನ್ನು ಯಾವ ದಾರಿಯಿಂದ ಹಸನ ಮಾಡಬೇಕು ಎಂಬುದನ್ನು ಬೇರೆ ಬೇರೆಯಾಗಿ ನೋಡಿದರೆ ಮಾತ್ರ ಕೆಲಸ ಮುಗಿಯುತ್ತದೆ.

ನಾಲ್ಕು ದಾರಿ, ನಾಲ್ಕರ ಕೊರತೆ

ಮೊದಲನೆಯದು ಬಗೆವಾರು ವಿಂಗಡಣೆ. ಜಪಾನಿನ ಕೊನ್‌ಮಾರಿ ಪದ್ಧತಿ ಇದೇ. ಮೊದಲು ಬಟ್ಟೆ, ಆಮೇಲೆ ಪುಸ್ತಕ, ಕಾಗದಪತ್ರ, ಚಿಲ್ಲರೆ ಸಾಮಾನು, ಕೊನೆಗೆ ನೆನಪಿನ ವಸ್ತು. ಒಂದು ಬಗೆಯದನ್ನೆಲ್ಲ ಮನೆಯ ಮೂಲೆಮೂಲೆಯಿಂದ ತಂದು ಒಂದೇ ರಾಶಿ ಹಾಕಬೇಕು. ಒಂದೊಂದನ್ನೇ ಕೈಯಲ್ಲಿ ಹಿಡಿದು, ಇದು ಖುಷಿ ಕೊಡುತ್ತದೆಯೇ ಎಂದು ಕೇಳಿಕೊಳ್ಳಬೇಕು. ಇದರ ದೊಡ್ಡ ಗುಣ ಲೆಕ್ಕ. ಮೂರು ಕಡೆ ಹಂಚಿಹೋಗಿದ್ದ ಹನ್ನೊಂದು ಕರಿ ಕುಪ್ಪಸಗಳು ಒಟ್ಟಿಗೆ ಬಿದ್ದಾಗ ಯಾರೂ ಏನೂ ಹೇಳಬೇಕಾಗಿಲ್ಲ.

ಕೆಡುವುದು ಹೊತ್ತಿನ ಅಂದಾಜಿನಲ್ಲಿ. ಆರು ಜನರ ಮನೆ, ತಲೆಗೆ 60 ಬಟ್ಟೆ ಅಂದರೆ 360. ಒಂದಕ್ಕೆ ಅರ್ಧ ನಿಮಿಷ ಹಿಡಿದರೂ ನೋಡಲಿಕ್ಕೇ ಮೂರು ತಾಸು. ಮಡಚಿ ಇಡಲು ಮತ್ತೆ ಅಷ್ಟೇ. ಮಧ್ಯಾಹ್ನ ನಾಲ್ಕಕ್ಕೆ ಶುರು ಮಾಡಿದವರಿಗೆ ರಾತ್ರಿ ಹತ್ತಾದರೂ ಮಂಚ ಖಾಲಿ ಸಿಗುವುದಿಲ್ಲ. ಆಗ ರಾಶಿಯನ್ನು ಎರಡು ಚಾದರದಲ್ಲಿ ಗಂಟು ಕಟ್ಟಿ ಮೂಲೆಗೆ ನೂಕುತ್ತಾರೆ, ಗಂಟು ಆರು ತಿಂಗಳು ಅಲ್ಲೇ ಕೂಡುತ್ತದೆ. ಒಂದು ದಿನಕ್ಕೆ ಒಬ್ಬರ ಬಟ್ಟೆ ಮಾತ್ರ ತೆಗೆಯಿರಿ, ಬೆಳಗಿನ ನಾಷ್ಟಾ ಮುಗಿದ ಕೂಡಲೇ ಕೂಡಿರಿ. ಇನ್ನೊಂದು ಮಾತು, ಅವರವರ ಬಟ್ಟೆಯ ತೀರ್ಪು ಅವರವರದೇ. ಅತ್ತೆಯ ಟ್ರಂಕನ್ನು ಸೊಸೆ, ಸೊಸೆಯ ತಿಜೋರಿಯನ್ನು (ಬಟ್ಟೆ ಇಡುವ ಕಬ್ಬಿಣದ ಕಪಾಟು) ಅತ್ತೆ ಖಾಲಿ ಮಾಡಹೊರಟರೆ ಮನೆ ಹಸನಾಗುವುದಿರಲಿ, ಮಾತೇ ನಿಲ್ಲುತ್ತದೆ.

ಎರಡನೆಯದು ಕೋಣೆವಾರು. ಒಂದು ಕೋಣೆ ಹಿಡಿದು ಅದನ್ನು ಮುಗಿಸಿಯೇ ಮುಂದಕ್ಕೆ ಹೋಗುವುದು. ಅಡುಗೆಮನೆಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ, ಏಕೆಂದರೆ ಅಲ್ಲಿನ ಸಾಮಾನು ಅಲ್ಲಿಯದೇ. ಉಳಿದ ಕೋಣೆಗಳಲ್ಲಿ ಮಾತ್ರ ಸಾಮಾನು ಗುಳೆ ಹೋಗುತ್ತದೆ. ಪಡಸಾಲೆ ಖಾಲಿಯಾಯಿತು ಅನ್ನುವಷ್ಟರಲ್ಲಿ ಅದೇ ಸಾಮಾನು ದೇವರ ಕೋಣೆಯ ಹಿಂದೆ ಕುಳಿತಿರುತ್ತದೆ.

ಮೂರನೆಯದು ದಿನಕ್ಕೊಂದು ಖಾನೆ. ದಿನಾ ಇಪ್ಪತ್ತು ನಿಮಿಷ, ತಿಜೋರಿಯ ಒಂದು ಖಾನೆ ಅಥವಾ ಮೇಜಿನ ಒಂದು ಡ್ರಾವರ್. ನೌಕರಿಯವರಿಗೆ, ಬಾಡಿಗೆ ಮನೆಯವರಿಗೆ, ಸಣ್ಣ ಮಕ್ಕಳಿರುವವರಿಗೆ ಒಗ್ಗುತ್ತದೆ. ಕೊನೆ ಎಂಬುದು ಇಲ್ಲದಿರುವುದೇ ಇದರ ಕೊರತೆ. ಇಪ್ಪತ್ತನೇ ಖಾನೆಗೆ ಬರುವಷ್ಟರಲ್ಲಿ ಮೊದಲನೆಯದು ತುಂಬಿರುತ್ತದೆ. ಮನೆಯ ಖಾನೆಗಳನ್ನು ಮೊದಲೇ ಎಣಿಸಿ ಚೀಟಿಯಲ್ಲಿ ಬರೆದು ಅಂಟಿಸಿಕೊಂಡರೆ ಕೊನೆ ಕಾಣುತ್ತದೆ.

ನಾಲ್ಕನೆಯದು ನಮ್ಮದೇ, ದಸರೆಯ ತೊಳೆತ. ಮಹಾನವಮಿಗೆ ಮುಂಚೆ ಹಾಸಿಗೆ, ಹೊದಿಕೆ, ಕೌದಿ ಎಲ್ಲ ಹೊರಬೀಳುತ್ತವೆ, ತಾಮ್ರ-ಹಿತ್ತಾಳೆ ಹುಣಸೆಹಣ್ಣು ಕಾಣುತ್ತವೆ, ಗೋಡೆಗೆ ಸುಣ್ಣ ಬೀಳುತ್ತದೆ. ದಿನ ಗೊತ್ತಾಗಿದೆ, ಮನೆಯ ಎಲ್ಲ ಕೈ ಕೂಡುತ್ತವೆ, ಯಾರನ್ನೂ ಒಲಿಸಬೇಕಿಲ್ಲ. ಇಷ್ಟೆಲ್ಲ ಅನುಕೂಲ ಬೇರೆ ಯಾವ ಪದ್ಧತಿಗೂ ಇಲ್ಲ. ಆದರೆ ತೊಳೆದ ಅಷ್ಟನ್ನೂ ತಿರುಗಿ ಒಳಗಿಡುತ್ತೇವೆ. ಹೊಲಸು ಹೋಗುತ್ತದೆ, ಸಾಮಾನು ಹೋಗುವುದಿಲ್ಲ. ಒಣಗಿಸುವುದೂ ಒಂದು ತಾಪತ್ರಯ: ದಪ್ಪ ಕೌದಿ ಏಪ್ರಿಲ್ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ, ಸೆಪ್ಟೆಂಬರ್ ಕೊನೆಯಲ್ಲಿ ಮೋಡವಿದ್ದರೆ ಎರಡು-ಮೂರು ದಿನ ಬೇಕು. ಮೇಲೆ ಒಣಗಿ ಒಳಪದರ ಹಸಿಯಿದ್ದಾಗಲೇ ಮಡಚಿಟ್ಟದ್ದು ದೀಪಾವಳಿ ಹೊತ್ತಿಗೆ ಮುಗ್ಗಲು ವಾಸನೆ ಹೊಡೆಯುತ್ತದೆ.

ಒಂದನ್ನೇ ಆರಿಸಬೇಡಿ. ಬಟ್ಟೆಗೆ ಬಗೆವಾರು, ಅಡುಗೆಮನೆಗೆ ಕೋಣೆವಾರು, ಕಾಗದಪತ್ರಕ್ಕೆ ದಿನಕ್ಕೊಂದು ಖಾನೆ, ಹಾಸಿಗೆಗೆ ದಸರೆ ಅಥವಾ ಯುಗಾದಿಯ ಬಿಸಿಲು. ಕೇಳುವ ಪ್ರಶ್ನೆಯೂ ಬೇರೆ ಬೇರೆ. ‘ಖುಷಿ ಕೊಡುತ್ತದೆಯೇ’ ಎಂಬುದು ಸೀರೆಗೆ ಸರಿ. ಪಾತ್ರೆಗೆ ಕೇಳಬೇಕಾದದ್ದು ‘ವರ್ಷಕ್ಕೆ ಎಷ್ಟು ಸಲ ಒಲೆ ಕಂಡಿತು’ ಎಂದು. ಕಾಗದಕ್ಕೆ ‘ಕಳೆದರೆ ತಿರುಗಿ ಸಿಗುತ್ತದೆಯೇ’. ಜೋಳದ ಚೀಲದ ಮುಂದೆ ನಿಂತು ಖುಷಿಯ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ; ಅಲ್ಲಿ ಬೇಕಾದದ್ದು ತಿಂಗಳಿಗೆ ಎಷ್ಟು ಕಿಲೊ ಎಂಬ ಲೆಕ್ಕ.

ಹೊರಹೋಗುವ ಬಾಗಿಲು ಮೊದಲು

ರಾಶಿ ಹಾಕುವ ಮುಂಚೆಯೇ ಯಾವುದು ಎಲ್ಲಿಗೆ ಹೋಗಬೇಕು ಎಂದು ಗೊತ್ತುಮಾಡಿಕೊಳ್ಳಿ. ಬಹಳ ಮನೆಗಳಲ್ಲಿ ವಿಂಗಡಣೆ ಚೆನ್ನಾಗಿಯೇ ನಡೆಯುತ್ತದೆ. ‘ಕೊಡುವುದು’ ಎಂಬ ಚೀಲ ಮಾತ್ರ ಬಾಗಿಲ ಹಿಂದೆ ಉಳಿದು, ಒಂದೊಂದಾಗಿ ತಿರುಗಿ ಕಪಾಟು ಸೇರುತ್ತದೆ.

ಹಳೆ ಬಟ್ಟೆಗೆ ಪಾತ್ರೆ ಕೊಡುವವರು ಓಣಿಗೆ ಬರುತ್ತಾರೆ. ಹೊತ್ತುಕೊಂಡು ಹೋಗುವ ಕಷ್ಟವಿಲ್ಲ, ಚೌಕಾಶಿಯ ಮಜವೂ ಇದೆ. ಆದರೆ ಹತ್ತು ಸೀರೆ ಹೋಗಿ ಒಂದು ಬುಟ್ಟಿ ಬಂದರೆ ಜಾಗ ಪೂರ್ತಿ ಖಾಲಿಯಾಗಲಿಲ್ಲ. ಅಡುಗೆಮನೆ ಮೊದಲೇ ತುಂಬಿದ್ದರೆ ಈ ಬಾಗಿಲು ಬೇಡ.

ಗುಜರಿಗೆ ಕೊಡುವುದಾದರೆ ಬೇರ್ಪಡಿಸಿ ಕೊಡಿ. ಪೇಪರ್, ರಟ್ಟು, ಕಬ್ಬಿಣ, ಅಲ್ಯುಮಿನಿಯಂ, ಹಿತ್ತಾಳೆ, ತಾಮ್ರ, ಒಂದೊಂದಕ್ಕೂ ದರ ಬೇರೆ. ಕಲಸಿ ಕೊಟ್ಟರೆ ಎಲ್ಲದಕ್ಕೂ ಕಡಿಮೆಯ ದರವೇ ಕಟ್ಟುತ್ತಾರೆ. ಬ್ಯಾಗ್ ತೂಗುವ ಕೈತಕ್ಕಡಿಯಲ್ಲಿ ಮನೆಯಲ್ಲೇ ತೂಗಿ ಬರೆದಿಟ್ಟುಕೊಂಡರೆ ಮಾತಿಗೆ ಬಲ. ಇನ್ವರ್ಟರ್‌ನ ಹಳೆ ಬ್ಯಾಟರಿಯನ್ನು ಗುಜರಿಗೆ ಹಾಕಬೇಡಿ, ಅದರಲ್ಲಿ ಸೀಸವೂ ಆಮ್ಲವೂ ಇವೆ. ಹೊಸದು ಕೊಳ್ಳುವ ಅಂಗಡಿಯವರೇ ಹಳೆಯದನ್ನು ತೆಗೆದುಕೊಂಡು ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಬೇಸಿಗೆಯಲ್ಲಿ ಡ್ರಾವರಿನಲ್ಲಿ ಇಟ್ಟುಕೊಳ್ಳುವುದು ಬೆಂಕಿ ಇಟ್ಟುಕೊಂಡಂತೆ, ಅದು ಮೊದಲು ಹೋಗಲಿ.

ದಾನ ಮಾಡುವ ಬಟ್ಟೆ ಒಗೆದದ್ದು, ಗುಂಡಿ ಇರುವಂಥದ್ದು, ಜೋಡಿ ತಪ್ಪದ್ದು ಆಗಿರಬೇಕು. ಹರಿದದ್ದನ್ನು ಕೊಡುವುದು ದಾನವಲ್ಲ, ಕಸ ಸಾಗಿಸುವುದು. ಫೋನಿನಲ್ಲಿ ಫೋಟೊ ಹಾಕಿ ಮಾರುವ ದಾರಿ ಸೈಕಲ್, ತೊಟ್ಟಿಲು, ಮಿಕ್ಸರ್‌ನಂಥದ್ದಕ್ಕೆ ಸರಿ. ಹದಿನೈದು ದಿನದ ಗಡುವು ಹಾಕಿಕೊಳ್ಳಿ. ಅಷ್ಟರಲ್ಲಿ ಹೋಗದಿದ್ದರೆ ಬೇಕೆಂದವರಿಗೆ ಹಾಗೇ ಕೊಟ್ಟುಬಿಡಿ.

ಹಳೆ ಸೀರೆಗೆ ಇನ್ನೊಂದು ಬಾಗಿಲಿದೆ, ಅದು ಮನೆಯೊಳಗೇ ತೆರೆಯುತ್ತದೆ: ಕೌದಿ. ಕೊಟ್ಟವರ ನೆನಪೂ ಉಳಿಯುತ್ತದೆ, ಕಪಾಟೂ ಹಗುರಾಗುತ್ತದೆ. ಲೆಕ್ಕ ಸರಳ. ಐದೂವರೆ ಮೀಟರ್ ಸೀರೆಯಲ್ಲಿ ಸುಮಾರು 6 ಚದರ ಮೀಟರ್ ಬಟ್ಟೆ ಇರುತ್ತದೆ. 7 ಅಡಿಗೆ 5 ಅಡಿಯ ಕೌದಿಯ ಒಂದು ಪದರಿಗೆ 3 ಚದರ ಮೀಟರಿಗಿಂತ ತುಸು ಹೆಚ್ಚು ಬೇಕು. ಆರು ಪದರು ಹಾಕಿದರೆ ಮೂರು ಸೀರೆಗಿಂತ ಸ್ವಲ್ಪ ಜಾಸ್ತಿ. ಸವೆದ ಭಾಗ ಕತ್ತರಿಸಿ ತೆಗೆಯುವುದರಿಂದ ನಾಲ್ಕು ಹಿಡಿಯಿರಿ. ಮೆತ್ತನೆ ಹತ್ತಿ ಸೀರೆಯೇ ಆಗಬೇಕು. ನೈಲಾನ್, ಪಾಲಿಯೆಸ್ಟರ್ ಒಳಪದರವಾಗಿ ಸೇರಿದರೆ ಹೊಲಿಯುವಾಗ ಜಾರುತ್ತದೆ, ಮಲಗಿದವರಿಗೆ ಬೆವರು ಇಳಿಯುತ್ತದೆ. ಇಪ್ಪತ್ತು ಹಳೆ ಸೀರೆ ಇದ್ದರೆ ಇಪ್ಪತ್ತಕ್ಕೂ ಕೌದಿ ಹೊಲಿಸುವ ಆಸೆ ಬರುತ್ತದೆ. ಆಗ ಸೀರೆಯ ಗುಡ್ಡ ಹೋಗಿ ಕೌದಿಯ ಗುಡ್ಡ ಬರುತ್ತದೆ. ತಲೆಗೊಂದು, ನೆಂಟರಿಗೆ ಎರಡು; ಅಲ್ಲಿಗೆ ನಿಲ್ಲಿಸಿ.

ಉಳಿದದ್ದನ್ನು ಎಲ್ಲಿಡುವುದು: ಟ್ರಂಕು, ತಿಜೋರಿ, ಸಜ್ಜಾ, ದಿವಾನ, ಪ್ಲಾಸ್ಟಿಕ್ ಡಬ್ಬ

ಮೇ ತಿಂಗಳಲ್ಲಿ 42-43 ಡಿಗ್ರಿ ಮುಟ್ಟುವ, ಗಾಳಿ ಎದ್ದರೆ ಧೂಳು ಒಳನುಗ್ಗುವ ಊರುಗಳು ನಮ್ಮವು. ತಂಪು ಊರಿನವರ ಸಲಹೆ ಇಲ್ಲಿ ಹಾಗೇ ನಡೆಯುವುದಿಲ್ಲ. ತೆರೆದ ಕಪಾಟಿನಲ್ಲಿ ಅಂದವಾಗಿ ಜೋಡಿಸಿದ್ದನ್ನು ವಾರಕ್ಕೆರಡು ಸಲ ಒರೆಸುವ ಶಕ್ತಿ ಇದ್ದರೆ ಮಾತ್ರ ತೆರೆದ ಕಪಾಟು.

ತಗಡಿನ ಟ್ರಂಕು ಇಲಿಗೂ ಧೂಳಿಗೂ ಜಗ್ಗುವುದಿಲ್ಲ. ಅದಕ್ಕೆ ಶತ್ರು ಕೆಳಗಿನ ತೇವ. ಮಣ್ಣಿನ ಮೇಲೆ ಶಹಾಬಾದ್ ಪರಸಿ ಹಾಸಿದ ಹಳೆ ಮನೆಗಳಲ್ಲಿ ಮಳೆಗಾಲದಲ್ಲಿ ಕಲ್ಲು ಬೆವರುತ್ತದೆ. ನೇರ ಇಟ್ಟ ಟ್ರಂಕಿನ ತಳ ತುಕ್ಕು ಹಿಡಿದು ಒಳಗಿನ ಬಟ್ಟೆಗೆ ಕಂದು ಕಲೆ ಬೀಳುತ್ತದೆ. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಸಾಕು. ವರ್ಷಕ್ಕೊಮ್ಮೆ ತೆರೆಯುವ ಸಾಮಾನಿಗೆ ಟ್ರಂಕು ಒಳ್ಳೆಯದು, ವಾರಕ್ಕೊಮ್ಮೆ ಬೇಕಾದದ್ದಕ್ಕೆ ಅಲ್ಲ. ಬೇಕಾದ ಸೀರೆ ಯಾವಾಗಲೂ ತಳದಲ್ಲೇ ಇರುತ್ತದೆ.

ಕಬ್ಬಿಣದ ತಿಜೋರಿಯನ್ನು ಪಡುವಣ ಗೋಡೆಗೆ ಒತ್ತಿ ನಿಲ್ಲಿಸಬೇಡಿ, ಇಳಿಬಿಸಿಲಿಗೆ ಆ ಗೋಡೆ ಕಾದು ಒಳಗೆ ಒಲೆಯಂತಾಗುತ್ತದೆ. ಎರಡು ಇಂಚು ಸಂದು ಬಿಡಿ. ಖಾನೆಯಲ್ಲಿ ಸೀರೆಯ ಅಟ್ಟಿ ಏಳೆಂಟಕ್ಕಿಂತ ಎತ್ತರವಾದರೆ ಕೆಳಗಿನದು ಎಳೆಯುವಾಗ ಎಲ್ಲ ಜರಿಯುತ್ತದೆ. ಬಟ್ಟೆಯನ್ನು ನಿಲ್ಲಿಸಿ ಮಡಚುವ ಪದ್ಧತಿ ಡ್ರಾವರಿಗೆ ಹೇಳಿದ್ದು. ಆಳದ ಖಾನೆಯಲ್ಲಿ ಅದು ಎರಡೇ ದಿನಕ್ಕೆ ಮಲಗುತ್ತದೆ. ಮಿಠಾಯಿ ಪೆಟ್ಟಿಗೆ ಅಥವಾ ಬೂಟಿನ ರಟ್ಟಿನ ಡಬ್ಬಿಯನ್ನು ಡ್ರಾವರಿನಂತೆ ಖಾನೆಯೊಳಗಿಟ್ಟು ಮಕ್ಕಳ ಬಟ್ಟೆ, ಟವೆಲ್, ಕುಪ್ಪಸ ನಿಲ್ಲಿಸಿದರೆ ನಿಲ್ಲುತ್ತವೆ.

ರೇಷ್ಮೆ, ಇಳಕಲ್ಲು, ಜರಿ ಸೀರೆಗಳ ಮಾತು ಬೇರೆ. ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲೇ ಬಿಟ್ಟರೆ ತೇವ ಸಿಕ್ಕಿಕೊಂಡು ಬೆಳ್ಳಿಜರಿ ಕಪ್ಪಾಗುತ್ತದೆ. ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ. ಮೂರು-ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀರೆ ಸೀಳುತ್ತದೆ. ಡಾಂಬರ ಗುಳಿಗೆ ಜರಿಗೆ ತಾಗಬಾರದು; ಬಟ್ಟೆಯ ಸಣ್ಣ ಗಂಟಿನಲ್ಲಿ ಕಟ್ಟಿ ಮೂಲೆಗಿಡಿ. ಗುಳಿಗೆ ಆವಿಯಾಗಿ ಕೆಲಸ ಮಾಡುವಂಥದ್ದು, ನಮ್ಮ ಬೇಸಿಗೆಗೆ ಬೇಗ ಕರಗಿಹೋಗುತ್ತದೆ. ಮಳೆಗಾಲಕ್ಕೆ ಮುಂಚೆ ತೆಗೆದು ನೋಡಿ. ಬೇವಿನ ಎಲೆ ಹಾಕುವುದಾದರೆ ನೆರಳಲ್ಲಿ ಪೂರ್ತಿ ಒಣಗಿದ ಮೇಲೆ. ಹಸಿ ಎಲೆ ತೇವವನ್ನೇ ಒಳಗೆ ಕಳಿಸುತ್ತದೆ.

ಸಜ್ಜಾ, ಅಂದರೆ ಗೋಡೆಯ ಮೇಲಿನ ಅಟ್ಟ, ಎಲ್ಲರ ಮೆಚ್ಚಿನ ಜಾಗ. ಕಣ್ಣಿಗೆ ಬೀಳುವುದಿಲ್ಲವಲ್ಲ! ಮೇಲ್ಮಹಡಿಯ ಸಜ್ಜಾ ಚಾವಣಿಯ ಕಾವಿಗೆ ಅತಿ ಹತ್ತಿರ. ಫೋಟೊ ಆಲ್ಬಮ್ ಅಂಟಿಕೊಳ್ಳುತ್ತದೆ, ರಬ್ಬರು, ಎಲಾಸ್ಟಿಕ್ ಜಿಗುಟಾಗುತ್ತದೆ, ಅಗ್ಗದ ಪ್ಲಾಸ್ಟಿಕ್ ಪುಡಿಯಾಗುತ್ತದೆ. ಅಲ್ಲಿಗೆ ತಾಮ್ರ, ಹಿತ್ತಾಳೆ, ಸ್ಟೀಲ್ ಮಾತ್ರ. ಒಬ್ಬರೇ ಏಣಿಯಲ್ಲಿ ನಿಂತು ಇಳಿಸಬಲ್ಲಷ್ಟೇ ಭಾರ ಇರಲಿ, 8-10 ಕಿಲೊ ಸಾಕು. ಮುಂದಿನ ಮೈಗೆ ಚೀಟಿ ಅಂಟಿಸಿ.

ದಿವಾನದೊಳಗಿನ ಜಾಗ ಹಾಸಿಗೆ-ಹೊದಿಕೆಗೆ ಸರಿ. ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಆಟಿಕೆಗೆ, ದೀಪಾವಳಿಯ ದೀಪದ ಸರಕ್ಕೆ, ಶಾಲೆಯ ಪುಸ್ತಕಕ್ಕೆ ಸರಿ; ರೇಷ್ಮೆಗೆ ಬೇಡ.

ಜೋಳ, ಬ್ಯಾಳಿ, ಪಾತ್ರೆ

ಹಿಂದೆ ಊರಲ್ಲಿ ಜೋಳ ಹಗೇವಿನೊಳಗೆ, ನೆಲದಡಿ ಇರುತ್ತಿತ್ತು. ಈಗ ಎರಡು ಕೋಣೆಯ ಮನೆಯಲ್ಲಿ ಮಂಚದ ಪಕ್ಕ ಇದೆ. ಎಷ್ಟು ಬೇಕು? ಒಂದು ಕಿಲೊ ಹಿಟ್ಟಿಗೆ ಬಡಿಯುವ ಕೈಯ ಮೇಲೆ 16ರಿಂದ 20 ರೊಟ್ಟಿ. ದಿನಕ್ಕೆ 12 ರೊಟ್ಟಿಯ ಮನೆಗೆ ತಿಂಗಳಿಗೆ ಸುಮಾರು 20 ಕಿಲೊ, ವರ್ಷಕ್ಕೆ 240. ಊರಿನಿಂದ ನಾಲ್ಕು ಕ್ವಿಂಟಲ್ ಬಂದಿದ್ದರೆ ಉಳಿದದ್ದು ನುಸಿಗೆ ಮೀಸಲು. ಹೊಸದಿರುವಾಗಲೇ ಹಂಚಿಬಿಡಿ ಅಥವಾ ಮಾರಿಬಿಡಿ.

ಚೀಲವೋ ಡ್ರಮ್ಮೋ? 200 ಲೀಟರಿನ ತಗಡಿನ ಡ್ರಮ್‌ನಲ್ಲಿ ಸುಮಾರು 150 ಕಿಲೊ ಜೋಳ ಹಿಡಿಯುತ್ತದೆ, ಮುಚ್ಚಳ ಬಿಗಿಯಿದ್ದರೆ ಇಲಿ, ನುಸಿ ಎರಡಕ್ಕೂ ತಡೆ. ತೇವ ಉಳಿದ ಕಾಳನ್ನು ತುಂಬಿದರೆ ಮಾತ್ರ ಡ್ರಮ್ಮೇ ಮುಳುವು, ಬೆವರಿ ಗಂಟು ಕಟ್ಟುತ್ತದೆ. ಎರಡು-ಮೂರು ಬಿಸಿಲು ಕೊಟ್ಟು, ಹಲ್ಲಿಗೆ ಹಾಕಿದರೆ ಕಟ್ಟೆಂದು ಒಡೆಯಬೇಕು, ಮೆತ್ತಗೆ ಚಪ್ಪಟೆಯಾಗಬಾರದು. ಬಿಸಿಯಿರುವಾಗಲೇ ತುಂಬಬೇಡಿ, ರಾತ್ರಿ ಆರಲಿ. ಚೀಲವೇ ಆದರೆ ಹಲಗೆಯ ಮೇಲೆ, ಗೋಡೆಯಿಂದ ಒಂದಡಿ ದೂರ. ಹಿಟ್ಟು ಹತ್ತು-ಹದಿನೈದು ದಿನದ್ದು ಮಾತ್ರ ಬೀಸಿಸಿ. ಹಳತಾದರೆ ಕಹಿಯಾಗುತ್ತದೆ, ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ತೊಗರಿಯನ್ನು ಇಡಿ ಕಾಳಾಗಿ ಇಟ್ಟರೆ ಹುಳು ಬೇಗ, ಬ್ಯಾಳಿ ಮಾಡಿಸಿಟ್ಟರೆ ಕಡಿಮೆ.

ಪಾತ್ರೆಯಲ್ಲಿ ಎರಡು ಗುಂಪು ಮಾಡಿ. ದಿನದ್ದು ಸೊಂಟದಿಂದ ಭುಜದ ಎತ್ತರದೊಳಗೆ, ಹಬ್ಬದ್ದು ಸಜ್ಜಾಕ್ಕೆ. ಕೊಡಗಳನ್ನು ಕಡಿಮೆ ಮಾಡುವ ಮುಂಚೆ ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆ ನೋಡಿ. ನಾಲ್ಕು ದಿನಕ್ಕೊಮ್ಮೆ ಬರುವ ಓಣಿಯಲ್ಲಿ ಎಂಟು ಕೊಡ ಹೆಚ್ಚಲ್ಲ.

ಸನ್ಮಾನದಲ್ಲೋ ಮದುವೆಯಲ್ಲೋ ಬಂದ ಬಿದ್ರಿ ಹೂದಾನಿ, ತಟ್ಟೆ ಇದ್ದರೆ ಅದನ್ನು ಹಿತ್ತಾಳೆಯ ಜೊತೆ ಹುಣಸೆಹಣ್ಣಿಗೆ ಹಾಕಬೇಡಿ. ಬಿದ್ರಿ ಸತು-ತಾಮ್ರದ ಮಿಶ್ರಲೋಹ, ಮೇಲಿನ ಕಪ್ಪು ಬೀದರ ಕೋಟೆಯ ಮಣ್ಣಿನಿಂದ ಬರಿಸಿದ್ದು. ಹುಳಿ ತಾಗಿದರೆ ಆ ಕಪ್ಪು ಹೋಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟೇ.

ಕಾಗದಪತ್ರ: ಇಲ್ಲಿ ಅವಸರ ಬೇಡ

ಎಸೆಯುವ ಹುರುಪು ಏರಿದ ದಿನ ಕಾಗದದ ಗಂಟು ಬಿಚ್ಚಬಾರದು. ಬೇರೆ ಕಡೆಯವರಿಗೆ ರದ್ದಿಯಾದದ್ದು ನಮಗೆ ನೌಕರಿಯ ದಾರಿ. ಈ ಭಾಗದವರಿಗೆ ನೌಕರಿ, ಓದಿನಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ಅರ್ಹತಾ ಪತ್ರಕ್ಕೆ ಈ ಭಾಗದಲ್ಲಿ ಹುಟ್ಟಿದ್ದು ಅಥವಾ 2013ರ ಜನವರಿ 1ಕ್ಕೆ ಹಿಂದಿನ 10 ವರ್ಷ ಇಲ್ಲಿ ವಾಸವಿದ್ದದ್ದು ತೋರಿಸಬೇಕಾಗುತ್ತದೆ. ಅಪ್ಪ-ಅಮ್ಮನ ಹಳೆ ಶಾಲೆಯ ಟಿ.ಸಿ., ಅಂಕಪಟ್ಟಿ, ಅವಧಿ ಮುಗಿದ ರೇಷನ್ ಕಾರ್ಡು ಇಂಥ ಹೊತ್ತಿಗೆ ಕೈಗೆ ಬರುತ್ತವೆ.

ಈ ಜಿಲ್ಲೆಗಳು ಮೊದಲು ಉರ್ದುವಿನಲ್ಲಿ ಆಡಳಿತ ನಡೆಯುತ್ತಿದ್ದ ಹೈದರಾಬಾದ್ ಸಂಸ್ಥಾನದಲ್ಲಿ, ಆಮೇಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹೊಲದ ಹಳೆ ಕಾಗದ ಉರ್ದುವಿನಲ್ಲಿರುವುದು ಅದಕ್ಕೇ. ಮನೆಯಲ್ಲಿ ಯಾರಿಗೂ ಓದಲು ಬರದ ಕಾಗದವನ್ನು ಓದಬಲ್ಲವರಿಗೆ ತೋರಿಸುವವರೆಗೆ ಎಸೆಯುವಂತಿಲ್ಲ. ಅದನ್ನು ಲ್ಯಾಮಿನೇಷನ್ ಮಾಡಿಸಲೂಬೇಡಿ. ಕಾವಿಗೆ ಶಾಯಿ ಹರಡಬಹುದು, ಒಮ್ಮೆ ಅಂಟಿದ ಪ್ಲಾಸ್ಟಿಕ್ ಬಿಡಿಸಲು ಬರುವುದಿಲ್ಲ. ಮಡಿಕೆ ಬಿಡಿಸಿ, ಪಾರದರ್ಶಕ ತೋಳಿನ ಫೈಲಿನಲ್ಲಿ ಚಪ್ಪಟೆಯಾಗಿಟ್ಟು, ಫೋಟೊ ತೆಗೆದು ಇಬ್ಬರ ಫೋನಿನಲ್ಲಿ ಇಡಿ.

ಉಳಿದದ್ದು ಸುಲಭ. ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲಿನ) ಪತ್ರ, ಜನನ-ಮರಣ ಪತ್ರ ಸದಾಕಾಲಕ್ಕೆ. ಆದಾಯ ತೆರಿಗೆಯ ಕಾಗದ ಏಳೆಂಟು ವರ್ಷ. ಜೆಸ್ಕಾಂನ ಕರೆಂಟ್ ಬಿಲ್ಲು ಒಂದು ವರ್ಷ. ಪಹಣಿಯ ಹೊಸ ಪ್ರತಿ ಯಾವಾಗ ಬೇಕಾದರೂ ಸಿಗುತ್ತದೆ, ಹಳೆಯ ಹತ್ತು ನಕಲು ಬೇಡ. ಕೈಬರಹದ ಹಳೆ ಪಹಣಿಯಿದ್ದರೆ ಮಾತ್ರ ಇರಲಿ. ವಾರಂಟಿ ಮುಗಿದ ಕಾರ್ಡು ಹೊರಗೆ. ಆಧಾರ್, ಪಾನ್ ನಕಲುಗಳನ್ನು ಹರಿಯದೆ ರದ್ದಿಗೆ ಹಾಕಬೇಡಿ, ಭಜಿ ಕಟ್ಟಲು ಹೋಗುತ್ತವೆ.

ಕೂಲರ್

ಮಾರ್ಚ್‌ನಿಂದ ಜೂನ್‌ವರೆಗೆ ದೇವರು, ಆಮೇಲೆ ಬರೀ ಪೀಠ. ಮಳೆ ಹಿಡಿದ ಮೇಲೆ ಮೇಲೆ ಹೂದಾನಿ, ಒಳಗೆ ಹಳೆ ಚಪ್ಪಲಿ ಇಟ್ಟು ಅದನ್ನೇ ಕಪಾಟು ಮಾಡಿಕೊಳ್ಳುವ ಮನೆಗಳೇ ಹೆಚ್ಚು. ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದ್ದೋ ಎಂಬ ಆಯ್ಕೆಯಿದ್ದರೆ, ಮಾಳಿಗೆಗೋ ಸಜ್ಜಾದ ಕೆಳಗೋ ಎತ್ತಿಡುವವರಿಗೆ ಗಾಲಿಯಿರುವ ಪ್ಲಾಸ್ಟಿಕ್ಕಿನದು. ಕಿಟಕಿಯ ಹೊರಗೆ ಸ್ಟ್ಯಾಂಡಿನ ಮೇಲೆ ಕಾಯಂ ನಿಲ್ಲಿಸುವವರಿಗೆ ಕಬ್ಬಿಣದ್ದು, ಕೋಣೆಯೊಳಗೆ ಒಂದು ಚದರ ಅಡಿಯೂ ಹೋಗುವುದಿಲ್ಲ.

ಎತ್ತಿಡುವ ಮುಂಚೆ ತೊಟ್ಟಿಯ ನೀರು ಪೂರ್ತಿ ಬಿಟ್ಟು, ತಳದ ಬಿಳಿ ಸುಣ್ಣದ ಪೊರೆ ಉಜ್ಜಿ ತೆಗೆಯಿರಿ. ಹುಲ್ಲಿನ ಪ್ಯಾಡು ಕಿತ್ತು ಎಸೆಯಿರಿ. ಮುಂದಿನ ವರ್ಷಕ್ಕೆಂದು ಉಳಿಸಿದರೆ ಬೂಸ್ಟು ಹಿಡಿದು ಮೊದಲ ದಿನವೇ ಮನೆಯೆಲ್ಲ ನಾರುತ್ತದೆ. ಜೇನುಗೂಡಿನಂಥ ಪ್ಯಾಡಾದರೆ ತೊಳೆದು ಎರಡು ದಿನ ಬಿಸಿಲಿಗಿಟ್ಟು ತಿರುಗಿ ಹಾಕಬಹುದು. ನೀರಿಲ್ಲದೆ ಬರೀ ಫ್ಯಾನನ್ನು ಒಂದು ತಾಸು ಓಡಿಸಿ ಒಳಗಿನ ತೇವ ಆರಿಸಿ. ಪಂಪು ಬಿಚ್ಚಿ ಒಣಬಟ್ಟೆಯಲ್ಲಿ ಸುತ್ತಿ ತೊಟ್ಟಿಯೊಳಗೇ ಇಡಿ, ಬೇರೆ ಕಡೆ ಇಟ್ಟರೆ ಮಾರ್ಚ್‌ನಲ್ಲಿ ಸಿಗುವುದಿಲ್ಲ. ಕಬ್ಬಿಣದ ತೊಟ್ಟಿಯಲ್ಲಿ ತುಕ್ಕಿನ ಚುಕ್ಕೆ ಕಂಡರೆ ಉಜ್ಜಿ ಬಣ್ಣ ಬಳಿಯುವ ಹೊತ್ತೂ ಇದೇ. ಮೇಲೆ ಹಳೆ ಹತ್ತಿ ಚಾದರ ಹೊದಿಸಿ, ಪ್ಲಾಸ್ಟಿಕ್ ಹಾಳೆ ಬೇಡ.